ಮುರಕಲ್ಲಿನ ಗೋಡೆ ಟವರಿನ ಅಲೆಯನ್ನು ತಡೆಯುತ್ತದಾ?

ಪಡ್ರೆಯ ಅಮ್ಮ:
ನಮ್ಮ ಮನೆ ಕಾಸರಗೋಡಿನ ಪೆರ್ಲದಿಂದ ಒಳಗೆ, ಪಡ್ರೆಯಲ್ಲಿ. ಎದುರಿನ ಗುಡ್ಡೆಯಲ್ಲಿ ಹೋದ ತಿಂಗಳು ಮೊಬೈಲ್ ಟವರ್ ಎದ್ದಿದೆ. ಅಂಗಳದಿಂದ ಇನ್ನೂರು ಮೀಟರ್ ಇರಬಹುದು. ಮಗುವಿಗೆ ನಾಲ್ಕು ತಿಂಗಳು. ಹಳೇ ಮನೆ, ಮುರಕಲ್ಲಿನ ದಪ್ಪ ಗೋಡೆ, ಹಂಚಿನ ಮಾಡು. ಮೈಕ್ರೋವೇವ್ ಅಲೆ ಗೋಡೆ ದಾಟಿ ಬರುತ್ತದೆ, ಕಿಟಕಿಗೆ ಅಲ್ಯೂಮಿನಿಯಂ ಹಾಳೆ ಅಂಟಿಸು ಅಂತ ಒಬ್ಬರು ಹೇಳಿದರು. ತೊಟ್ಟಿಲಿರುವ ಕೋಣೆಗೆ ಅಂಟಿಸಿದ್ದೇನೆ. ಇದರಿಂದ ಪ್ರಯೋಜನ ಉಂಟಾ? ದಯವಿಟ್ಟು "ಏನೂ ಆಗಲ್ಲ" ಅಂತ ಸುಮ್ನೆ ಹೇಳಬೇಡಿ. ಇಲ್ಲಿನ ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿಯುವಾಗಲೂ ಹಾಗೇ ಹೇಳಿದ್ದರಂತೆ. ಅತ್ತೆ ಬಾವಿಗೆ ಮಡಲು ಮುಚ್ಚಿ ಕೂತಿದ್ದರಂತೆ.

ನೀರ್ಚಾಲಿನ ಮಾಷ್ಟ್ರು:
ಮಗಳೇ, ಹೆದರಿದ್ದು ತಪ್ಪಲ್ಲ. ಆ ಹೆಲಿಕಾಪ್ಟರಿನ ಸದ್ದು ನಾನೂ ಕೇಳಿದವನು. ಆ ಮನೆಗಳ ಮಕ್ಕಳು ನನ್ನ ತರಗತಿಯಲ್ಲೇ ಕೂತಿದ್ದರು. ಅದಕ್ಕೇ ಅಳತೆ ಹಿಡಿದು ಹೇಳುತ್ತೇನೆ.

ಟವರ್, ವೈಫೈ, ಅಡುಗೆಮನೆಯ ಓವನ್, ಮೂರರ ಅಲೆಯೂ ಒಂದೇ ಜಾತಿ. ಮರ, ಹಂಚು, ಗಾಜು ಇದ್ದರೆ ಸಲೀಸಾಗಿ ದಾಟುತ್ತದೆ. ಮುರಕಲ್ಲು ಒಳ್ಳೇ ಪಾಲನ್ನು ಹೀರಿಕೊಳ್ಳುತ್ತದೆ. ಆಟಿಯ ಮಳೆಗೆ ಗೋಡೆ ನೆನೆದರೆ ಇನ್ನೂ ಜಾಸ್ತಿ, ಯಾಕೆಂದರೆ ನೀರು ಈ ಅಲೆಯನ್ನು ಹೀರುತ್ತದೆ. ಲೋಹದ ತಗಡಾದರೆ ವಾಪಸ್ ಕಳಿಸುತ್ತದೆ. ಓವನ್ನಿನ ಅಲೆ ಸುಮಾರು 12 ಸೆಂಟಿಮೀಟರ್ ಉದ್ದ. ಬಾಗಿಲಿನ ಜಾಲರಿಯ ಸಣ್ಣ ಸಣ್ಣ ತೂತುಗಳಿಂದ ಅದು ಹೊರಗೆ ಬರಲಾಗದು.

ನಿನ್ನೆ ನಮ್ಮ ಮನೆಯಲ್ಲೇ ನೋಡಿದೆ. ನಮ್ಮದೂ ಮುರಕಲ್ಲಿನದೇ. ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಸಿಗ್ನಲ್ ಎಷ್ಟು ಡಿಬಿಎಂ ಅಂತ ಸಿಗುತ್ತದೆ. ಅದು ಸಿಗ್ನಲಿನ ಬಲದ ಅಳತೆ, ಮೈನಸ್ ಅಂಕಿ ದೊಡ್ಡದಾದಷ್ಟೂ ಬಲ ಕಡಿಮೆ. ಅಂಗಳದಲ್ಲಿ ಮೈನಸ್ 78. ಜಗಲಿಯಲ್ಲಿ ಮೈನಸ್ 81. ಎರಡು ಗೋಡೆ ದಾಟಿದ ಒಳಕೋಣೆಯಲ್ಲಿ, ಅಕ್ಕಿ ಡಬ್ಬದ ಪಕ್ಕ ನಿಂತರೆ, ಮೈನಸ್ 98. ಹತ್ತು ಇಳಿದರೆ ಬಲ ಹತ್ತರಲ್ಲಿ ಒಂದಾಯಿತು ಅಂತ ಲೆಕ್ಕ. ಅಂಗಳದಲ್ಲಿದ್ದ ನೂರು ಪಾಲಿನಲ್ಲಿ ಒಳಗೆ ಬಂದದ್ದು ಒಂದೇ ಪಾಲು.

ಇನ್ನು ಮುಖ್ಯ ಸಂಗತಿ. ಆ ಒಳಕೋಣೆಯಿಂದ ಮಗನಿಗೆ ವಿಡಿಯೋ ಕಾಲ್ ಮಾಡಿದೆ. ಹತ್ತು ನಿಮಿಷಕ್ಕೆ ಫೋನಿನ ಬೆನ್ನು ಬಿಸಿಯಾಯಿತು. ಸಿಗ್ನಲ್ ಸಿಗದ ಫೋನ್ ಟವರಿಗೆ ಕೇಳಿಸಲು ಜೋರಾಗಿ ಕೂಗಬೇಕು. 4ಜಿ ಫೋನ್ ಹೆಚ್ಚೆಂದರೆ 0.2 ವ್ಯಾಟ್ ಬಿಡುತ್ತದೆ. ಸಿಗ್ನಲ್ ಚೆನ್ನಾಗಿದ್ದರೆ ಅದರ ಸಾವಿರದಲ್ಲೊಂದು ಪಾಲೂ ಸಾಕು. ದೂರ ಎರಡರಷ್ಟಾದರೆ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಟವರ್ ಇನ್ನೂರು ಮೀಟರ್ ಆಚೆ. ಮಗುವನ್ನು ಮಡಿಲಲ್ಲಿಟ್ಟು ಮಾತಾಡಿದರೆ ಫೋನ್ ಅದರ ಕಿವಿಯಿಂದ ಒಂದು ಗೇಣು. ನೀವು ಅಂಟಿಸಿದ ಹಾಳೆಯಿಂದ ಆ ಫೋನ್ ಇನ್ನೂ ಜೋರಾಗಿ ಕೂಗುತ್ತಿದೆ. ಅದನ್ನು ತೆಗೆಯಿರಿ.

ಆರೋಗ್ಯದ ಮಾತು. ಎಕ್ಸ್‌ರೇಯ ಹಾಗೆ ಜೀವಕೋಶದ ಒಳಗಿನ ಅಣುಗಳನ್ನು ಒಡೆಯುವ ಶಕ್ತಿ ಈ ಅಲೆಗಿಲ್ಲ. ಬಲ ತುಂಬ ಜಾಸ್ತಿಯಾದರೆ ಮೈ ಬಿಸಿಯಾಗುತ್ತದೆ. ಗೊತ್ತಿರುವ ತೊಂದರೆ ಅದೇ. ಆ ಮಟ್ಟ ಮುಟ್ಟದ ಹಾಗೆ ಮಿತಿ ಹಾಕಿದ್ದಾರೆ. 2012ರಲ್ಲಿ ಭಾರತ ತನ್ನ ಮಿತಿಯನ್ನು ಅಂತಾರಾಷ್ಟ್ರೀಯ ಮಿತಿಯ ಹತ್ತನೇ ಒಂದಕ್ಕೆ ಇಳಿಸಿತು. 900 ಮೆಗಾಹರ್ಟ್ಸ್‌ಗೆ ಅದು ಚದರ ಮೀಟರಿಗೆ 0.45 ವ್ಯಾಟ್. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಈ ಅಲೆಗಳನ್ನು "ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು" ಎಂಬ 2ಬಿ ಗುಂಪಿಗೆ ಹಾಕಿದ್ದು ನಿಜ, ಮುಚ್ಚಿಡುವುದಿಲ್ಲ. ಆಮೇಲೆ ಅದೇ ಸಂಸ್ಥೆ 63 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಲು ಹೇಳಿತು. 2024ರಲ್ಲಿ ಬಂದ ಆ ವರದಿಯಲ್ಲಿ ಮೊಬೈಲಿಗೂ ಮಿದುಳಿನ ಕ್ಯಾನ್ಸರಿಗೂ ನಂಟು ಕಾಣಲಿಲ್ಲ.

ಎಂಡೋಸಲ್ಫಾನ್ ಮಣ್ಣಿನಲ್ಲಿ, ನೀರಿನಲ್ಲಿ, ಮೈಯ ಕೊಬ್ಬಿನಲ್ಲಿ ಉಳಿಯಿತು. ಸಿಂಪಡಿಸುವುದು ನಿಂತರೂ ವಿಷ ಹೋಗಲಿಲ್ಲ. ಅಲೆ ಹಾಗಲ್ಲ, ಸ್ವಿಚ್ ಆರಿಸಿದ ಕ್ಷಣಕ್ಕೆ ಮುಗಿಯಿತು. ಯಾರು ಬೇಕಾದರೂ ಅಳೆಯಲೂಬಹುದು. ಕೇಂದ್ರ ಸರಕಾರದ ತರಂಗ್ ಸಂಚಾರ್ ಜಾಲತಾಣದಲ್ಲಿ ನಿಮ್ಮ ಟವರನ್ನು ಹುಡುಕಿ. ಸಂಶಯ ಇದ್ದರೆ ಶುಲ್ಕ ಕಟ್ಟಿ ಅಳತೆ ಮಾಡಿಸಬಹುದು.

ವಯರಿಂಗ್ ಕೆಲಸದವ, ಬದಿಯಡ್ಕ:
ಮಾಷ್ಟ್ರು ಹೇಳಿದ್ದು ಸರಿ. ತಾರಸಿಯ ಮೇಲೆ ತಗಡಿನ ಶೀಟ್ ಹಾಕಿಸಿದ ಮೇಲೆ ಮಹಡಿಯಲ್ಲಿ ರೇಂಜೇ ಇಲ್ಲ ಅಂತ ಎಷ್ಟೋ ಮನೆಯವರು ಹೇಳುತ್ತಾರೆ. ಅಕ್ಕಾ, ನನಗೆ ಅಲೆಗಿಂತ ಸಿಡಿಲಿನ ಚಿಂತೆ ಜಾಸ್ತಿ. ತುಲಾ ಮಳೆ ಶುರುವಾಗುವ ಮೊದಲು ಮನೆಯ ಅರ್ಥಿಂಗ್ ಒಮ್ಮೆ ನೋಡಿಸಿ. ಟವರಿನ ಜನರೇಟರ್ ರಾತ್ರಿ ಸದ್ದು ಮಾಡಿದರೆ ಪಂಚಾಯತಿಗೆ ಅರ್ಜಿ ಕೊಡಿ, ಮಗು ನಿದ್ದೆ ಮಾಡಬೇಕಲ್ವಾ.

ಪಡ್ರೆಯ ಅಮ್ಮ:
ಮಾಷ್ಟ್ರೇ, ಹಾಳೆ ಇದ್ದಾಗ ತೊಟ್ಟಿಲ ಹತ್ತಿರ ಮೈನಸ್ 103 ಇತ್ತು, ಕಿತ್ತ ಮೇಲೆ ಮೈನಸ್ 94. ಇವರು ದುಬೈಯಿಂದ ಕರೆ ಮಾಡುವಾಗ ನಾನು ಮಗುವನ್ನು ಮಡಿಲಲ್ಲಿಟ್ಟು ಫೋನನ್ನು ಅದರ ಮುಖದ ಹತ್ತಿರವೇ ಹಿಡಿಯುತ್ತಿದ್ದೆ, ಒಂದೊಂದು ಸಲ ಒಂದು ಗಂಟೆ. ಇವತ್ತು ಫೋನನ್ನು ಜಗಲಿಯ ದಂಡೆಗೆ ಒರಗಿಸಿ, ನಾವು ಈಚೆ ಚಾಪೆಯಲ್ಲಿ ಕೂತೆವು. ಮುಖ ಸಣ್ಣದಾಗಿ ಕಂಡರೂ ಅಪ್ಪನ ದನಿಗೆ ಮಗು ಕಾಲು ಬಡಿಯಿತು. ತರಂಗ್ ಸಂಚಾರ್ ನಾಳೆ ನೋಡುತ್ತೇನೆ. ಅರ್ಥಿಂಗ್ ನೋಡಲು ನೀವೇ ಬರಬಹುದಾ ಅಣ್ಣಾ?