ಖಜಾನೆ-2 ಬಂದ್ಮೇಲೂ ಕ್ಯಾಶ್ ಬುಕ್ ಕೈಲೇ ಬರೀಬೇಕಾ?

ಹೊಸ_ಎಫ್‌ಡಿಎ
ಎಲ್ರಿಗೂ ನಮಸ್ಕಾರ. ತಾಲ್ಲೂಕು ಕಚೇರಿಯೊಂದರ ಲೆಕ್ಕ ಶಾಖೆಗೆ ಹೊಸಬ ನಾನು. ಸಂಬಳದ ಬಿಲ್ಲು ಎಚ್‌ಆರ್‌ಎಂಎಸ್‌ನಲ್ಲಾಗಿ (ನೌಕರರ ಸಂಬಳದ ಸಾಫ್ಟ್‌ವೇರು) ಕೆ2ಗೆ, ಅಂದ್ರೆ ರಾಜ್ಯದ ಖಜಾನೆ ಸಾಫ್ಟ್‌ವೇರು ಖಜಾನೆ-2ಕ್ಕೆ ಹೋಗುತ್ತೆ, ಸಾದಿಲ್ವಾರು (ಕಚೇರಿಯ ಬಿಡಿ ಖರ್ಚಿನ) ಬಿಲ್ಲು ನೇರ ಕೆ2ನಲ್ಲೇ ಮಾಡ್ತೀವಿ, ಸಾಹೇಬ್ರು ಡಾಂಗಲ್ ಹಾಕಿ ಡಿಜಿಟಲ್ ಸೈನ್ ಮಾಡ್ತಾರೆ, ದುಡ್ಡು ಸಪ್ಲೈಯರ್ ಅಕೌಂಟಿಗೇ ಬೀಳುತ್ತೆ. ಇಷ್ಟಾದ್ಮೇಲೆ ಅದನ್ನೇ ನಗದು ಪುಸ್ತಕ, ಬಿಲ್ ರಿಜಿಸ್ಟರ್, ಅನುದಾನದ ರಿಜಿಸ್ಟರ್ ಅಂತ ಮೂರು ಕಡೆ ಕೈಲಿ ಬರಿ ಅಂತಾರೆ, ಮೇಲಾಧಿಕಾರಿ ಕಚೇರಿಗೆ ಎಕ್ಸೆಲ್ ಬೇರೆ. ಎಲ್ಲ ಒಂದೇ ಸಾಫ್ಟ್‌ವೇರಲ್ಲಿ ಇದ್ಮೇಲೆ ಇದ್ಯಾಕೆ? ಗೊತ್ತಿರೋರು ಹೇಳಿ.

ಖಜಾನೆ_ನಿವೃತ್ತ
ತಮ್ಮಾ, 2002ಕ್ಕಿಂತ ಮುಂಚೆ ಹೇಗಿತ್ತು ಅಂತ ನೋಡಿದ್ರೆ ಈ ಪ್ರಶ್ನೆ ಕೇಳ್ತಿರ್ಲಿಲ್ಲ. ಒಂದು ಇಲಾಖೆ ಅನುದಾನ ಮೀರಿ ಖರ್ಚು ಮಾಡಿದ್ಯಾ ಅಂತ ತಿಳಿಯೋಕೆ ತಿಂಗಳುಗಟ್ಟಲೆ ಕಾಯ್ಬೇಕಿತ್ತು. ಬಿಹಾರದ ಮೇವು ಹಗರಣ ಕೇಳಿರ್ತೀಯ, 1996ರಲ್ಲಿ ಚಾಯ್‌ಬಾಸಾ ಖಜಾನೇಲಿ ಬಯಲಾಯ್ತಲ್ಲ, ಅದು ನಕಲಿ ಬಿಲ್ಲಲ್ಲಿ ಅನುದಾನಕ್ಕಿಂತ ಎಷ್ಟೋ ಪಟ್ಟು ವರ್ಷಗಟ್ಟಲೆ ಎತ್ತಿದ ಕಥೆ. ನಮ್ಮಲ್ಲಿ ಖಜಾನೆ-1 ಬಂದು ಇನ್ನೂರಕ್ಕೂ ಹೆಚ್ಚು ಖಜಾನೆಗಳನ್ನ ವಿಸ್ಯಾಟಲ್ಲಿ (ಉಪಗ್ರಹ ಸಂಪರ್ಕ) ಬೆಂಗ್ಳೂರಿನ ಸರ್ವರಿಗೆ ಕಟ್ಟಿದ್ಮೇಲೆ, ಆ ಲೆಕ್ಕ ಶೀರ್ಷಿಕೇಲಿ (ಖರ್ಚು ಯಾವ ಬಾಬ್ತಿಂದು ಅಂತ ಹೇಳೋ ಕೋಡು) ದುಡ್ಡಿಲ್ಲ ಅಂದ್ರೆ ಬಿಲ್ಲೇ ಪಾಸಾಗಲ್ಲ ಅನ್ನೋ ಹಾಗಾಯ್ತು. ಆದ್ರೆ ಆಗ ಬಿಲ್ಲು ಕಾಗದದಲ್ಲೇ ಕೌಂಟರಿಗೆ ಬರ್ತಿತ್ತು, ಟೈಪ್ ಮಾಡೋರು ನಾವೇ. ಕೆ2ನಲ್ಲಿ ಆ ಕೆಲ್ಸ ನಿಮ್ಮ ಡಿಡಿಓ (ಬಿಲ್ಲಿಗೆ ಸೈನ್ ಹಾಕಿ ದುಡ್ಡು ಸೆಳೆಯೋ ಅಧಿಕಾರಿ) ಟೇಬಲ್ಲಿಗೆ ಬಂತು ಅಷ್ಟೆ 😀

ಕೋಡ್_ಮಾಡೋನು
ಪ್ರೈವೇಟಲ್ಲಿ ಇಆರ್‌ಪಿ (ಕಂಪನಿಯ ಲೆಕ್ಕ, ವ್ಯವಹಾರ ಎಲ್ಲ ಒಟ್ಟಿಗೆ ನೋಡೋ ಸಾಫ್ಟ್‌ವೇರು) ಹಾಕೋದೇ ನನ್ನ ಕೆಲ್ಸ. ಅನ್ಸಿದ್ದು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಒಂದು ಎಂಟ್ರಿ ಒಂದೇ ಸಲ ಆಗ್ಬೇಕು, ಬೇಕಾದ ರಿಜಿಸ್ಟರ್ ಎಲ್ಲ ಅದರಿಂದ ರಿಪೋರ್ಟಾಗಿ ಹೊರಗೆ ಬರ್ಬೇಕು. ಡಬಲ್ ಎಂಟ್ರಿಗೆ (ಪ್ರತಿ ವ್ಯವಹಾರಾನೂ ಜಮೆ, ಖರ್ಚು ಎರಡೂ ಕಡೆ ಬರೆಯೋ ಪದ್ಧತಿ) ಹೋಗಿ ಎಲ್ಲ ಹೊಸದಾಗಿ ಬರೆದ್ರೆ ಮುಗೀತು, ಇದ್ರಲ್ಲಿ ಏನಿದೆ ಅಂಥ ಕಷ್ಟ?

ಲೆಕ್ಕಾಧೀಕ್ಷಕಿ
@ಕೋಡ್_ಮಾಡೋನು ಸರ್, ಹೇಳೋದು ಸುಲಭ. ಸರ್ಕಾರದ ಲೆಕ್ಕ ನಡೆಯೋದು ನಗದು ಆಧಾರದ ಮೇಲೆ (ದುಡ್ಡು ಬಂದಾಗ, ಹೋದಾಗ ಮಾತ್ರ ಲೆಕ್ಕಕ್ಕೆ), ಅದರ ನಮೂನೆ ಹೇಗಿರ್ಬೇಕು ಅಂತ ಸಂವಿಧಾನದ 150ನೇ ವಿಧಿ ಪ್ರಕಾರ ಸಿಎಜಿ (ಮಹಾಲೇಖಪಾಲರು) ಸಲಹೆ ಮೇಲೆ ರಾಷ್ಟ್ರಪತಿಗಳು ಹೇಳ್ಬೇಕು, ರಾಜ್ಯದೋರು ಒಂದು ಸಾಫ್ಟ್‌ವೇರ್ ತಂದು ಬದಲಾಯ್ಸೋಕಾಗಲ್ಲ. ನಗರಸಭೆ, ಪುರಸಭೆಗಳ ಕಥೆ ಬೇರೆ, ಅಲ್ಲಿ ಡಬಲ್ ಎಂಟ್ರಿ ಬಂದು ಎಷ್ಟೋ ವರ್ಷ ಆಯ್ತು. ಇನ್ನು ಸ್ಕ್ರೀನ್ ಮಾಡೋದು ದೊಡ್ಡದಲ್ಲ ಸರ್, ಒಳಗಿರೋ ಮಾಹಿತಿ ಸರಿ ಇಟ್ಕೊಳ್ಳೋದು ದೊಡ್ಡದು. ವಿಜಯಾ ಬ್ಯಾಂಕು 2019ರಲ್ಲಿ ಬರೋಡಾಗೆ ಸೇರ್ತು, ಮಾರನೇ ವರ್ಷ ಸಿಂಡಿಕೇಟು ಕೆನರಾಗೆ, ಕಾರ್ಪೊರೇಷನ್ನು ಯೂನಿಯನ್‌ಗೆ. ಮೂರೂ ನಮ್ಮ ಕರಾವಳಿ ಕಡೆ ಹುಟ್ಟಿದ ಬ್ಯಾಂಕುಗಳೇ, ಅರ್ಧ ಊರಿನ ಖಾತೆ ಅಲ್ಲಿತ್ತು. ಐಎಫ್‌ಎಸ್‌ಸಿ ಬದಲಾಗಿದ್ರೂ ಹಳೇ ರೆಸಿಪಿಯಂಟ್ ಐಡಿಗೇ (ದುಡ್ಡು ಪಡೆಯೋರಿಗೆ ಕೆ2 ಕೊಡೋ ನಂಬರು) ಬಿಲ್ಲು ಮಾಡಿದ್ರೆ ದುಡ್ಡು ವಾಪಸ್ ಬರುತ್ತೆ, ಕಂಟ್ರಾಕ್ಟರು ಬಂದು ನಿಮ್ಮ ಮುಂದೆ ಕೂತಿರ್ತಾನೆ. ಇದಕ್ಕೆ ಯಾವ ಇಆರ್‌ಪಿ ಬರುತ್ತೆ ಹೇಳಿ.

ತಮ್ಮನ ಪ್ರಶ್ನೆಗೆ ಬರ್ತೀನಿ. ನಗದು ಪುಸ್ತಕ ಇನ್ನೂ ಉಳ್ಕೊಂಡಿರೋದು ಬರೀ ಹಠಕ್ಕಲ್ಲ. ಕೆ2ಗೆ ಕಾಣೋದು ಖಜಾನೇಲಿ ಓಡಾಡೋ ದುಡ್ಡು ಮಾತ್ರ. ನಿಮ್ಮ ಕಚೇರೀಲಿ ಯೋಜನೆ ಹೆಸ್ರಲ್ಲಿ ಬ್ಯಾಂಕ್ ಖಾತೆ ಇರುತ್ತೆ, ಟೆಂಡರಿನ ಇಎಂಡಿ (ಭದ್ರತೆಗೆ ಇಡೋ ಠೇವಣಿ) ಇರುತ್ತೆ, ಕೌಂಟರಲ್ಲಿ ತಗೊಂಡ ಶುಲ್ಕ, ಖಾಯಂ ಮುಂಗಡ (ಚಿಲ್ಲರೆ ಖರ್ಚಿಗೆ ಕಚೇರೀಲಿ ಇಡೋ ದುಡ್ಡು) ಎಲ್ಲ ಇರುತ್ತೆ. ಇವೆಲ್ಲ ಒಟ್ಟಿಗೆ ಸಿಗೋ ಜಾಗ ನಗದು ಪುಸ್ತಕ ಒಂದೇ. 2024ರಲ್ಲಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ದುಡ್ಡು ಅಕ್ರಮವಾಗಿ ವರ್ಗಾವಣೆಯಾದ ಪ್ರಕರಣ ಆಯ್ತಲ್ಲ, ಅಲ್ಲೂ ದುಡ್ಡು ಹೋಗಿದ್ದು ನಿಗಮದ ಬ್ಯಾಂಕ್ ಖಾತೆಯಿಂದ. ಒಂದ್ಸಲ ಖಜಾನೆ ಬಾಗ್ಲು ದಾಟಿದ ದುಡ್ಡು ಆಮೇಲೆ ಎಲ್ಲಿಗೆ ಹೋಯ್ತು ಅಂತ ಖಜಾನೆ ಸಾಫ್ಟ್‌ವೇರಿಗೆ ಗೊತ್ತಾಗಲ್ಲ. ಕೇಂದ್ರದೋರು ಎಸ್‌ಎನ್‌ಎ-ಸ್ಪರ್ಶ್ ಅಂತ (ಕೇಂದ್ರದ ಯೋಜನೆಗಳ ದುಡ್ಡು ಬಿಡೋ ವ್ಯವಸ್ಥೆ) ತಂದಿರೋದು ಇದಕ್ಕೇ, ಖರ್ಚಿನ ಹೊತ್ತಿಗೆ ಮಾತ್ರ ದುಡ್ಡು ಬಿಡೋದು, ಖಾತೇಲಿ ಕೊಳೆಯೋಕೆ ಬಿಡ್ಬಾರ್ದು ಅಂತ. ಆದ್ರೆ ಎಕ್ಸೆಲ್ ಮಾತ್ರ ಶುದ್ಧ ದಂಡ, ಅದನ್ನ ನಾನು ಸಮರ್ಥಿಸ್ಕೊಳ್ಳಲ್ಲ.

ಕೋಡ್_ಮಾಡೋನು
ಬ್ಯಾಂಕ್ ಖಾತೆ ವಿಷ್ಯ ಒಪ್ಪಿದೆ ಮೇಡಂ. ಹಾಗಾದ್ರೆ ಬೇಕಿರೋದು ಆ ಖಾತೆಗಳೂ ಒಳಗೆ ಬರೋ ಅಂಥ ಸಿಸ್ಟಮ್ಮು, ಪುಸ್ತಕ ಅಲ್ಲ 🙂

ಹೊಸ_ಎಫ್‌ಡಿಎ
ಥ್ಯಾಂಕ್ಸ್ ಮೇಡಂ, ಥ್ಯಾಂಕ್ಸ್ ಸರ್. ಇನ್ನೊಂದು ಡೌಟು, ಕೆ2 ರಿಪೋರ್ಟಿನ ಖರ್ಚಿಗೂ ಎಜಿ ಆಫೀಸಿನ (ರಾಜ್ಯದ ಲೆಕ್ಕ ಇಡೋ ಅಕೌಂಟೆಂಟ್ ಜನರಲ್ ಕಚೇರಿ) ಅಂಕಿಗೂ ತಾಳೆ ಆಗ್ತಿಲ್ಲ, ಎಲ್ಲಿಂದ ಹುಡುಕ್ಲಿ?

ಖಜಾನೆ_ನಿವೃತ್ತ
ಮೊದ್ಲು ಲೆಕ್ಕ ಶೀರ್ಷಿಕೆ ನೋಡು. ಹದಿನೈದು ಅಂಕೀಲಿ ಕೊನೇ ಮೂರು ಖರ್ಚಿನ ಬಗೆ ಹೇಳುತ್ತೆ, ಅಲ್ಲಿ 051 (ಸಾಮಾನ್ಯ ವೆಚ್ಚ) ಹಾಕೋ ಕಡೆ 059 (ಇತರೆ ವೆಚ್ಚ) ಬಿದ್ದಿರುತ್ತೆ ಎಷ್ಟೋ ಸಲ. ಅದಲ್ಲ ಅಂದ್ರೆ ವಾಪಸ್ ಬಂದ ಪೇಮೆಂಟು, ಮರುಜಮೆ ಮಾಡಿದ (ಖಜಾನೆಗೆ ವಾಪಸ್ ಕಟ್ಟಿದ) ಚಲನ್ನು ನೋಡು. ತಿಂಗಳು ತಿಂಗಳು ತಾಳೆ ಮಾಡ್ಕೋ, ಮಾರ್ಚಿಗೆ ಇಟ್ಕೋಬೇಡ.