ಎಬಿಎಸ್ ರೀಕಾಲ್: ಬಿಡಿಭಾಗ ಬರುವವರೆಗೆ ಫ್ಯೂಸ್ ಕಿತ್ತಿಡಬಹುದೇ?

ಹಿಂಬದಿಸೀಟು:
ನನ್ನ ಕಾರಿಗೆ ಎಬಿಎಸ್ (ಜೋರಾಗಿ ಬ್ರೇಕ್ ತುಳಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಘಟಕದ ರೀಕಾಲ್ ಪತ್ರ, ಅಂದರೆ ದೋಷ ಸರಿಪಡಿಸಲು ಕಂಪನಿಯೇ ಕಾರನ್ನು ವಾಪಸ್ ಕರೆಯುವ ಪತ್ರ ಬಂದಿದೆ. ಒಳಗೆ ಬ್ರೇಕ್ ಆಯಿಲ್ ಸೋರಿ ಶಾರ್ಟ್ ಆಗಬಹುದು, ಬೆಂಕಿ ಹೊತ್ತಿಕೊಳ್ಳಬಹುದು, ಕಟ್ಟಡಗಳಿಂದ ದೂರ ಬಯಲಿನಲ್ಲಿ ನಿಲ್ಲಿಸಿ ಎಂದಿದೆ. ಸರ್ವಿಸ್ ಸೆಂಟರಿನವರದು ಒಂದೇ ಮಾತು: ‘ಪಾರ್ಟ್ ಬಂದಿಲ್ಲ, ಬಂದಾಗ ನಾವೇ ಕರೆಯುತ್ತೇವೆ’. ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪವೇನೂ ಹೊತ್ತಿಲ್ಲ. ಅಲ್ಲಿಯವರೆಗೆ ಎಬಿಎಸ್‌ನ ಫ್ಯೂಸ್ ಕಿತ್ತಿಟ್ಟು ಓಡಿಸಿದರೆ ಆಗದೇ? ಜೊತೆಗೆ, ಕಂಪನಿಯ ಜಾಲತಾಣದಲ್ಲಿ ವಿಐಎನ್ (ವಾಹನದ ಗುರುತಿನ ಸಂಖ್ಯೆ) ಹಾಕಿದರೆ ‘ಇಂಥ ವಾಹನವಿಲ್ಲ’ ಎನ್ನುತ್ತದೆ.

ಸ್ಪಾನರ್:
ಎರಡನೆಯದು ಸುಲಭ. 17 ಅಕ್ಷರ-ಅಂಕಿಗಳ ವಿಐಎನ್‌ನಲ್ಲಿ ಐ, ಓ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳು ಇರುವುದೇ ಇಲ್ಲ. ಒಂದು, ಸೊನ್ನೆಗಳೊಂದಿಗೆ ಗೊಂದಲವಾಗದಿರಲಿ ಎಂದು ಬಿಟ್ಟಿದ್ದಾರೆ. ನೀವು ಸೊನ್ನೆಗೆ ಬದಲು ಓ ಒತ್ತಿರಬೇಕು.

ಫ್ಯೂಸ್ ಮಾತ್ರ ಮುಟ್ಟಬೇಡಿ. ಕಿತ್ತ ಮೇಲೂ ಬ್ರೇಕ್ ಹಿಡಿಯುತ್ತದೆ, ನಿಜ. ಆದರೆ ಗಾಬರಿಯಲ್ಲಿ ಜೋರಾಗಿ ತುಳಿದಾಗ ಚಕ್ರ ಲಾಕ್ ಆಗಿ ಕಾರು ಜಾರುತ್ತದೆ, ಸ್ಟೀರಿಂಗ್ ತಿರುಗಿಸಿದರೂ ತಿರುಗುವುದಿಲ್ಲ. ಸ್ಟೆಬಿಲಿಟಿ ಕಂಟ್ರೋಲ್ (ಕಾರು ಅಡ್ಡಡ್ಡ ಜಾರದಂತೆ ಹಿಡಿಯುವ ವ್ಯವಸ್ಥೆ) ಇದ್ದರೆ ಅದೂ ಹೋಯಿತು. ದೀಪ ಹೊತ್ತಿಲ್ಲವೆಂಬ ಸಮಾಧಾನವೂ ಬೇಡ. ಕೀ ತೆಗೆದ ಮೇಲೂ ಈ ಘಟಕಕ್ಕೆ ಬ್ಯಾಟರಿಯಿಂದ ವಿದ್ಯುತ್ ಹರಿಯುತ್ತಿರುತ್ತದೆ. ಬಯಲಿನಲ್ಲಿ ನಿಲ್ಲಿಸಿ ಎನ್ನುವುದು ಅದಕ್ಕೇ. ಪತ್ರದಲ್ಲಿ ‘ಓಡಿಸಬೇಡಿ’ ಎಂದೂ ಇದೆಯೇ, ಇನ್ನೊಮ್ಮೆ ಓದಿ.

ಪಿಸ್ಟನ್:
ತಡವಾಯಿತೆಂದು ಕೌಂಟರಿನಲ್ಲಿ ಕುಳಿತವರ ಮೇಲೆ ರೇಗಿ ಪ್ರಯೋಜನವಿಲ್ಲ. ಜಪಾನಿನ ತಕಾಟಾ ಕಂಪನಿಯ ದೋಷಪೂರಿತ ಏರ್‌ಬ್ಯಾಗ್ ಪ್ರಕರಣದಲ್ಲಿ ಅಮೆರಿಕವೊಂದರಲ್ಲೇ ಸುಮಾರು 6.7 ಕೋಟಿ ಇನ್‌ಫ್ಲೇಟರ್‌ಗಳ (ಏರ್‌ಬ್ಯಾಗ್ ಉಬ್ಬಿಸುವ ಭಾಗ) ರೀಕಾಲ್ ಆಯಿತು, 2017ರಲ್ಲಿ ಆ ಕಂಪನಿಯೇ ದಿವಾಳಿ ಎದ್ದಿತು. ಸೆಕೆ, ತೇವ ಹೆಚ್ಚಿರುವ ಕಡೆಯ ಹಳೆಯ ಕಾರುಗಳಿಗೆ ಮೊದಲ ಆದ್ಯತೆ ಕೊಟ್ಟರು. ಉಳಿದವರಲ್ಲಿ ಎಷ್ಟೋ ಮಂದಿ ವರ್ಷಗಟ್ಟಲೆ ಕಾದರು. ಸರದಿ ಇದ್ದೇ ಇರುತ್ತದೆ, ಅದರಲ್ಲಿ ನೀವಿದ್ದೀರಾ ಎಂಬುದನ್ನು ನೋಡಿಕೊಳ್ಳಿ.

ಬಾಯಿಮಾತು ನಂಬಬೇಡಿ. ಜಾಬ್ ಕಾರ್ಡ್ (ಸರ್ವಿಸ್ ಸೆಂಟರಿನವರು ಕೆಲಸದ ವಿವರ ಬರೆದುಕೊಡುವ ಚೀಟಿ) ಮಾಡಿಸಿ, ರೀಕಾಲ್ ಸಂಖ್ಯೆಯನ್ನೂ ‘ಬಿಡಿಭಾಗ ಲಭ್ಯವಿಲ್ಲ’ ಎಂಬ ಷರಾವನ್ನೂ ಬರೆಸಿಕೊಳ್ಳಿ. ಅದರ ಫೋಟೋ ಸಮೇತ ಕಂಪನಿಯ ಗ್ರಾಹಕ ವಿಭಾಗಕ್ಕೆ ಇಮೇಲ್ ಕಳುಹಿಸಿ, ಬದಲಿ ಕಾರು ಕೊಡುತ್ತೀರಾ ಎಂದೂ ಕೇಳಿ. ಕೊಡದೇ ಇರಬಹುದು, ಕೇಳದಿದ್ದರೆ ಖಂಡಿತ ಕೊಡುವುದಿಲ್ಲ.

ಹಿಂಬದಿಸೀಟು:
ಸೊನ್ನೆ ಹಾಕಿದೆ, ಬಂತು. ‘ರೀಕಾಲ್ ಬಾಕಿ’ ಎಂದು ತೋರಿಸುತ್ತಿದೆ. ಜಾಬ್ ಕಾರ್ಡ್ ಮಾಡಿಸುವಾಗ ಇನ್ನೊಂದು ಗೊತ್ತಾಯಿತು: ಇದು ಸೆಕೆಂಡ್‌ಹ್ಯಾಂಡ್ ಕಾರು, ಅವರ ದಾಖಲೆಯಲ್ಲಿ ಇದ್ದದ್ದು ಹಿಂದಿನ ಮಾಲೀಕರ ಮೊಬೈಲ್ ಸಂಖ್ಯೆ!

ಸ್ಪಾನರ್:
ಹಾಗಿದ್ದರೆ ಪಾರ್ಟ್ ಬಂದಿದ್ದರೂ ಕರೆ ಅವರಿಗೇ ಹೋಗುತ್ತಿತ್ತು. ಕಂಪನಿಯ ದಾಖಲೆಯಲ್ಲಿಯೂ ಸಂಖ್ಯೆ ಬದಲಿಸಲು ಹೇಳಿ. ಅಲ್ಲಿಯವರೆಗೆ ಬಾನೆಟ್ ತೆಗೆದು ಬ್ರೇಕ್ ಆಯಿಲ್ ಮಟ್ಟ ಆಗಾಗ ನೋಡುತ್ತಿರಿ. ಮಟ್ಟ ಇಳಿದಿದ್ದರೆ, ಸುಟ್ಟ ವಾಸನೆ ಬಂದರೆ ಅಥವಾ ಎಬಿಎಸ್ ದೀಪ ಹೊತ್ತಿದರೆ ಓಡಿಸಬೇಡಿ, ಟೋ ಮಾಡಿಸಿ.