ಕಬ್ಬಿಣದ ಕುರ್ಚಿಯ ತುಕ್ಕು ಮತ್ತು ಕಡಪ ಕಲ್ಲಿನ ಮೇಲಿನ ಕಲೆ

ಪ್ರಶ್ನೆ:
ನಮಸ್ಕಾರ. ನಮ್ಮ ಮನೆ ಕುಂದಾಪುರದ ಕಡೆ, ಸಮುದ್ರಕ್ಕೆ ಹತ್ತಿರದಲ್ಲಿದೆ. ಅಂಗಳದಲ್ಲಿರುವ ಕಬ್ಬಿಣದ ಕುರ್ಚಿಗಳಿಗೆ ಮಳೆಗಾಲ ಮುಗಿಯುವಷ್ಟರಲ್ಲಿ ವೆಲ್ಡಿಂಗ್ ಮಾಡಿದ ಜಾಗಗಳಲ್ಲೆಲ್ಲ ತುಕ್ಕು ಹಿಡಿಯುತ್ತದೆ. ಮಳೆ ಬಂದಾಗ ಅವನ್ನು ಜಗಲಿಗೆ ಎಳೆದಿಡುವುದರಿಂದ, ಕಾಲುಗಳಿಂದ ಇಳಿದ ತುಕ್ಕುನೀರು ಅಲ್ಲಿನ ಕಡಪ ಕಲ್ಲಿನ ಮೇಲೆ ಉಂಗುರದಂತಹ ಕಂದು ಕಲೆಗಳನ್ನು ಬಿಟ್ಟಿದೆ. ಸೋಪಿನ ಪುಡಿ ಹಾಕಿ ಉಜ್ಜಿದರೂ ಹೋಗುತ್ತಿಲ್ಲ. ಏನು ಮಾಡಬಹುದು?

ಉತ್ತರ 1:
ನೆನೆಸಿದ ಹುಣಸೆಹಣ್ಣನ್ನು ಗಟ್ಟಿಯಾಗಿ ಕಿವುಚಿ ತುಕ್ಕಿನ ಮೇಲೆ ಹಚ್ಚಿ, ಅರ್ಧ ಗಂಟೆಯ ನಂತರ ತೆಂಗಿನ ನಾರಿನಿಂದ ಉಜ್ಜಿ. ನಿಂಬೆರಸವೂ ಆಗುತ್ತದೆ.

ಉತ್ತರ 2:
ಹುಣಸೆಹಣ್ಣು ಕುರ್ಚಿಗೆ ಸರಿ, ಆದರೆ ದಯವಿಟ್ಟು ಅದನ್ನು ಕಡಪ ಕಲ್ಲಿಗೆ ಮುಟ್ಟಿಸಬೇಡಿ. ಕಡಪ ಕಲ್ಲು ಸುಣ್ಣದ ಅಂಶದ ಕಲ್ಲಾದ್ದರಿಂದ ಹುಳಿ ಬಿದ್ದಲ್ಲಿ ಅದರ ಮೇಲ್ಮೈಯೇ ಕರಗಿ ಹೊಳಪು ಹೋಗುತ್ತದೆ. ಆಮೇಲೆ ಕಂದು ಕಲೆಯ ಬದಲಿಗೆ ಮತ್ತೆ ಪಾಲಿಶ್ ಮಾಡಿಸದೆ ಹೋಗದ ಬಿಳಿಚಿದ ಮಚ್ಚೆ ಉಳಿಯುತ್ತದೆ. ಅಮೃತಶಿಲೆಗೂ ಇದೇ ಮಾತು. ಟೈಲ್ಸ್ ಮತ್ತು ಕಲ್ಲಿನ ಅಂಗಡಿಗಳಲ್ಲಿ ಅಮೃತಶಿಲೆಗೆಂದೇ ಮಾರುವ, ಆಮ್ಲವಿಲ್ಲದ ತುಕ್ಕು ನಿವಾರಕವನ್ನು ಕೇಳಿ. ಅಂಥವುಗಳಲ್ಲಿ ಕೆಲವನ್ನು ಹಚ್ಚಿದ ಸ್ವಲ್ಪ ಹೊತ್ತಿಗೆ ಕಲೆ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಗಾಬರಿಯಾಗಬೇಡಿ, ಔಷಧ ಕಬ್ಬಿಣವನ್ನು ಹಿಡಿಯುತ್ತಿದೆ ಎಂಬುದರ ಗುರುತು ಅದು. ಘಾಟು ವಾಸನೆ ಇರುತ್ತದೆ, ಕೈಗವಸು ಹಾಕಿಕೊಳ್ಳಿ, ಮೊದಲು ಕಾಣದ ಮೂಲೆಯೊಂದರಲ್ಲಿ ಪರೀಕ್ಷಿಸಿ.

ಪ್ರಶ್ನೆ ಕೇಳಿದವರು:
ತಕ್ಕ ಸಮಯಕ್ಕೆ ಎಚ್ಚರಿಸಿದಿರಿ, ಧನ್ಯವಾದ. ಬ್ಲೀಚಿಂಗ್ ಪೌಡರ್ ಬಳಸಬಹುದೇ? ಕುರ್ಚಿಗೆ ಹೋದ ವರ್ಷವಷ್ಟೇ ಬಣ್ಣ ಹೊಡೆಸಿದ್ದೆವು, ಅದೂ ಎದ್ದು ಬರುತ್ತಿದೆ.

ಉತ್ತರ 3:
ಬ್ಲೀಚಿಂಗ್ ಬೇಡ. ಅದು ತುಕ್ಕಿನ ಕಲೆಯನ್ನು ತೆಗೆಯುವ ಬದಲು ಇನ್ನಷ್ಟು ಗಟ್ಟಿಯಾಗಿ ಕೂರಿಸುತ್ತದೆ. ಜೊತೆಗೆ ಹುಳಿಯೋ ಆಸಿಡ್ಡೋ ಸೇರಿದರೆ ಅಪಾಯಕಾರಿ ಕ್ಲೋರಿನ್ ಅನಿಲ ಏಳುತ್ತದೆ.

ಬಣ್ಣ ಏಳುವುದಕ್ಕೆ ಕಾರಣ ಬಹುಶಃ ಅಡಿಯಲ್ಲಿ ಉಳಿದ ತುಕ್ಕು ಮತ್ತು ಉಪ್ಪು. ಕಡಲ ಗಾಳಿಯ ಉಪ್ಪು ಕುಳಿತ ಕಬ್ಬಿಣವನ್ನು ಸಿಹಿನೀರಿನಲ್ಲಿ ತೊಳೆಯದೆ ಎಷ್ಟು ಒಳ್ಳೆಯ ಬಣ್ಣ ಹೊಡೆದರೂ ಅದು ನಿಲ್ಲುವುದಿಲ್ಲ. ಚೆನ್ನಾಗಿ ತೊಳೆದು ಒಣಗಿಸಿ, ತಂತಿ ಬ್ರಷ್ ಮತ್ತು ಉಪ್ಪುಕಾಗದದಿಂದ ಹೊಳೆಯುವ ಲೋಹ ಕಾಣುವವರೆಗೆ ತಿಕ್ಕಿ, ಧೂಳನ್ನು ಒರೆಸಿ ಅಂದೇ ಪ್ರೈಮರ್ ಬಳಿಯಿರಿ, ಏಕೆಂದರೆ ತೆರೆದ ಕಬ್ಬಿಣ ನಿಮ್ಮ ಊರಿನ ಹವೆಯಲ್ಲಿ ಬೇಗ ಮತ್ತೆ ಕೆಂಪಾಗುತ್ತದೆ. ಸಾಮಾನ್ಯ ರೆಡ್ ಆಕ್ಸೈಡ್ ಪ್ರೈಮರ್‌ಗಿಂತ ಎಪಾಕ್ಸಿ ಪ್ರೈಮರ್ ಕರಾವಳಿಗೆ ಮೇಲು. ಅದರ ಮೇಲೆ ಹೊಂದುವ ಬಣ್ಣ ಯಾವುದೆಂದು ಅಂಗಡಿಯಲ್ಲೇ ಕೇಳಿ, ಎರಡು ಕೈ ಹೊಡೆಯಿರಿ. ಈ ಕೆಲಸಕ್ಕೆ ಡಿಸೆಂಬರ್, ಜನವರಿಯ ಒಣ ಹವೆ ಅನುಕೂಲ.

ಕುರ್ಚಿ ಪೈಪಿನದಾಗಿದ್ದರೆ ಕಾಲಿನ ತುದಿಯ ರಬ್ಬರ್ ಬುಶ್ ತೆಗೆದು ನೋಡಿ. ಉಂಗುರದ ಕಲೆ ಬೀಳುತ್ತಿದೆ ಎಂದರೆ ಒಳಗೆ ನೀರು ನಿಂತಿರುವ ಸಂಭವವೇ ಹೆಚ್ಚು. ಕುರ್ಚಿ ಮಗುಚಿ ನೀರು ಬಸಿದು, ಒಳಗೂ ಪ್ರೈಮರ್ ಹರಿಸಿ, ಹೊಸ ಬುಶ್ ಹಾಕಿ. ಕಲ್ಲಿನ ಕಲೆ ತೆಗೆಯುವ ಕೆಲಸವನ್ನು ಆಮೇಲೆ ಕೈಗೆತ್ತಿಕೊಳ್ಳಿ.